ಪೊರ್ಬುವಿನ ದಿಬ್ಬಣ

ನನ್ನ ತಲೆಯ ಮೇಲೆ ತೆಂಗಿನ ಹಾಲು ಸುರಿದವರು ನಲವತ್ತೊಂದು ಮಂದಿ. ಮೀನಿನ ಮೇಲೆ ಸುರಿದವರು ಒಬ್ಬರೇ: ಎಲೇನ್ ಮಾವ್ಶಿ, ನನ್ನ ಮಮ್ಮಿಯ ಅಕ್ಕ.

ಎರಡೂ ಒಂದೇ ಹಂಡೆಯ ಹಾಲು. ಮದುವೆಯ ಹಿಂದಿನ ದಿನ ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ರೋಸ್ ಇರುತ್ತದೆ. ಮದುಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಹಣೆಗೂ ಕಿವಿಗೂ ತೆಂಗಿನೆಣ್ಣೆಯಲ್ಲಿ ಶಿಲುಬೆ ಬರೆದು, ತಲೆಯಿಂದ ಕೆಳಗೆ ಹಾಲು ಇಳಿಸುತ್ತಾರೆ. ಹೆಂಗಸರು ಸುತ್ತ ನಿಂತು ವೊವಿಯೊ ಹಾಡುತ್ತಾರೆ. ಕನ್ಯೆಯಾಗಿದ್ದ ದಿನಗಳು ತೊಳೆದು ಹೋಗುತ್ತವಂತೆ. ನನಗೆ ಮೂವತ್ತೆರಡು. ತೊಳೆಯಲು ಬಹಳ ಇತ್ತು, ಅದಕ್ಕೇ ಹಾಲು ಜಾಸ್ತಿ ಮಾಡಿದ್ದರು. ಮಿಕ್ಕಿದ್ದು ಮುಕ್ಕಾಲು ಬಕೆಟ್.

ರೋಸಿಗೆ ಒಂದು ನಿಯಮ ಉಂಟು. ಹಾಲು ಮೈಗೆ ಬಿದ್ದ ಮೇಲೆ ಮದುಮಗಳು ಹೊಸಿಲು ದಾಟಬಾರದು. ಮರುದಿನ ಇಗರ್ಜಿಗೆ ಹೊರಡುವ ತನಕ ಮನೆಯೊಳಗೇ ಇರಬೇಕು. ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ನಿಯಮವನ್ನು ಎಲ್ಲರೂ ಗಟ್ಟಿಯಾಗಿ ಹಿಡಿಯುತ್ತಾರೆ.

ಮೀನಿನ ವಿಷಯ ಹೇಳಬೇಕು. ಅದು ರೆಡ್‌ಟೇಲ್ ಕ್ಯಾಟ್‌ಫಿಶ್. ಊರು ಅಮೆಝಾನ್ ನದಿ. ನಾನು ಕೊಂಡದ್ದು ಹಂಪನಕಟ್ಟೆಯಲ್ಲಿ, ಐದು ವರ್ಷದ ಹಿಂದೆ, ಅದು ನನ್ನ ಬೆರಳಿನಷ್ಟಿದ್ದಾಗ. “ಟ್ಯಾಂಕಿನ ಅಳತೆಗೆ ತಕ್ಕ ಹಾಗೆ ಬೆಳೆಯುತ್ತದೆ ಮೇಡಂ” ಎಂದಿದ್ದ ಅಂಗಡಿಯವನು. ಸುಳ್ಳು. ಮೀನು ತನ್ನ ಅಳತೆಗೆ ಬೆಳೆಯುತ್ತದೆ. ಟ್ಯಾಂಕ್ ಸಾಲದಿದ್ದರೆ ಒಳಗೇ ಕೊಳೆತು ಸಾಯುತ್ತದೆ. ನಾನು ಮೂರು ಸಲ ಟ್ಯಾಂಕ್ ಬದಲಿಸಿದೆ. ಕೊನೆಯದ್ದು ಎಂಟಡಿ ಉದ್ದ, ಮೂರಡಿ ಅಗಲ. ಕೊಡಿಯಾಲ್‌ಬೈಲಿನ ನಮ್ಮ ಫ್ಲ್ಯಾಟು ನೆಲಮಟ್ಟದಲ್ಲಿದ್ದುದರಿಂದ ಅಷ್ಟು ಭಾರ ತಡೆಯಿತು. ಹಾಲ್‌ನ ಸೋಫಾ ಅದಕ್ಕೆ ಜಾಗ ಬಿಟ್ಟುಕೊಟ್ಟು ಬೆಡ್‌ರೂಮಿಗೆ ಹೋಯಿತು.

ಮೀನಿಗೆ ಎರಡೂವರೆ ಅಡಿ, ಎಂಟು ಕಿಲೋ. ಕಪ್ಪು ಬೆನ್ನು, ಬದಿಯಲ್ಲಿ ಬಿಳಿ ಪಟ್ಟಿ, ಕಿತ್ತಳೆ ಬಾಲ, ಆರು ಮೀಸೆ. ಇಡೀ ದಿನ ತಳದಲ್ಲಿ ಹೊಟ್ಟೆ ಊರಿ ಮಲಗಿ, ಬಂದುಹೋಗುವವರನ್ನು ಬಾಡಿಗೆ ಬಾಕಿ ಇಟ್ಟವರ ಹಾಗೆ ನೋಡುತ್ತದೆ. ಒಮ್ಮೆ ಥರ್ಮಾಮೀಟರ್ ನುಂಗಿ ಮೂರನೇ ದಿನ ಉಗುಳಿತು. ಕ್ಲೋರಿನ್ ಸ್ವಲ್ಪ ಹೆಚ್ಚಾದರೆ ಊಟ ಬಿಡುತ್ತದೆ. ಟ್ಯಾಂಕಿನಲ್ಲಿ ಕಲ್ಲು ಸರಿಸಿದರೆ ಸಿಟ್ಟು, ಲೈಟ್ ಬದಲಿಸಿದರೆ ಸಿಟ್ಟು. ನಾನು ಡಯಾಲಿಸಿಸ್ ವಾರ್ಡಿನ ನರ್ಸ್. ಎಂಟು ಗಂಟೆ ಬೇರೆಯವರ ರಕ್ತದ ಕೊಳೆ ತೆಗೆದು ಮನೆಗೆ ಬಂದರೆ ಮತ್ತೆ ಅದೇ ಕೆಲಸ. ವ್ಯತ್ಯಾಸವೆಂದರೆ ಈ ರೋಗಿ ಭಗವಂತನ ಬಗ್ಗೆ ಮಾತಾಡುವುದಿಲ್ಲ.

ಅದಕ್ಕೆ ಪೊರ್ಬು ಎಂದು ಹೆಸರಿಟ್ಟದ್ದು ಚೆನ್ನಪ್ಪಣ್ಣ. ಬಂದರಿನ ದಕ್ಕೆಯಿಂದ ಮೀನು ತಂದು ಮನೆಮನೆಗೆ ಮಾರುವವರು. ನಮ್ಮ ಬೀದಿಗೆ ಅವರ ಗೂಡ್ಸ್ ರಿಕ್ಷಾ ಬರುವುದು ಬೆಳಿಗ್ಗೆ ಎಂಟೂವರೆಗೆ. ತುಳುವಿನಲ್ಲಿ ನಮ್ಮ ಜಾತಿಯ ಗಂಡಸರನ್ನು ಗೌರವದಿಂದ ಕರೆಯುವುದು ಪೊರ್ಬು ಎಂದು, ಹೆಂಗಸರನ್ನು ಬಾಯಮ್ಮ ಎಂದು. ಮೊದಲ ಸಲ ಟ್ಯಾಂಕ್ ನೋಡಿದಾಗ ಚೆನ್ನಪ್ಪಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಹೊಟ್ಟೆ ಉಂಟು, ಮೀಸೆ ಉಂಟು, ಕೆಲಸ ಇಲ್ಲ. ಇದು ಪೊರ್ಬುವೇ ಬಾಯಮ್ಮ.”

ಮೂವತ್ತು ವರ್ಷ ಕುವೈಟಿನಲ್ಲಿ ದುಡಿದು ಬಂದ ನನ್ನ ಡ್ಯಾಡಿ ಪಿಯುಸ್, ಮೀಸೆ ಇರುವವರು, ಹೊಟ್ಟೆ ಇರುವವರು, ಪೇಪರ್ ಮಡಚಿ ಎದ್ದು ಒಳಗೆ ಹೋದರು. ಹೆಸರು ಮಾತ್ರ ಉಳಿಯಿತು.

ಚೆನ್ನಪ್ಪಣ್ಣನಿಗೂ ನನಗೂ ಒಂದೇ ಜಗಳ. ಬೂತಾಯಿ ಬೇಡ, ಎಣ್ಣೆ ಜಾಸ್ತಿ, ಮೀನಿಗೆ ಆಗುವುದಿಲ್ಲ ಎಂದು ನಾನು. “ಬೂತಾಯಿ ಬೇಡ ಎನ್ನುವ ಮೀನು ಎಂತ ಮೀನು? ಅದಕ್ಕೆ ಜಾತಿಯ ಅಹಂಕಾರ” ಎಂದು ಅವರು. ಆದರೂ ಮೂರು ದಿನಕ್ಕೊಮ್ಮೆ ಸಿಗಡಿ, ಬಂಗುಡೆಯ ತುಂಡು ಪ್ರತ್ಯೇಕ ಕಟ್ಟಿ ತರುತ್ತಿದ್ದರು, ಮುಳ್ಳು ತೆಗೆದು. ತನ್ನ ಮೊಮ್ಮಕ್ಕಳಿಗೆ ಮುಳ್ಳು ತೆಗೆದು ಕೊಟ್ಟವರಲ್ಲ.

ಈ ಮೀನಿನಿಂದ ನನಗೆ ಮೂರು ಸಂಬಂಧ ತಪ್ಪಿತು. ಮೊದಲನೆಯವನು ನಕ್ಕ. ನಗು ನಿಲ್ಲಿಸಲಿಲ್ಲ, ಕಳುಹಿಸಿದೆ. ಎರಡನೆಯವನ ತಾಯಿ ಟ್ಯಾಂಕಿನ ಗಾಜು ತಟ್ಟಿ “ಇದು ಫ್ರೈಗೆ ಒಳ್ಳೆಯದಾ, ಕರಿಗಾ?” ಎಂದರು. ಮೂರನೆಯವನು ಎಲ್ಲದಕ್ಕೂ ಒಪ್ಪಿದ. ಹೋಗುವಾಗ ಡ್ಯಾಡಿಯ ಕಿವಿಯಲ್ಲಿ “ಮದುವೆಯಾದ ಮೇಲೆ ನಾನೇ ಒಂದು ವ್ಯವಸ್ಥೆ ಮಾಡುತ್ತೇನೆ ಅಂಕಲ್” ಎಂದದ್ದು ನನಗೆ ಕೇಳಿತು. ನಾಲ್ಕನೆಯವನು ಸೆಡ್ರಿಕ್, ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವನು. ಟ್ಯಾಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಐದು ನಿಮಿಷ ಮೀನನ್ನೂ ಪಂಪನ್ನೂ ನೋಡಿದ. ಆಮೇಲೆ ಕೇಳಿದ, “ಕರೆಂಟ್ ಹೋದರೆ ಎಂತ ಮಾಡ್ತೀರಿ?”

ಐದು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ ಅದನ್ನು.

ಹಾಗೆ ಮದುವೆ ನಿಶ್ಚಯವಾಯಿತು. ಅವನ ಮನೆ ಕದ್ರಿ ಗುಡ್ಡದ ಕೆಳಗೆ, ಹಂಚಿನ ಮನೆ, ಹಿತ್ತಿಲಲ್ಲಿ ಬಾವಿ. ಬಾವಿ ಎಂದರೆ ಕ್ಲೋರಿನ್ ಇಲ್ಲದ ನೀರು. ಬಾವಿಯ ಪಕ್ಕ ಹನ್ನೆರಡಡಿಯ ಸಿಮೆಂಟ್ ಟ್ಯಾಂಕ್ ಕಟ್ಟಿಸಬೇಕು, ಕೆಳಗೆ ಮೂರಿಂಚಿನ ವಾಲ್ವ್ ಇಡಬೇಕು, ಹೊಸ ಸಿಮೆಂಟಿನ ಸುಣ್ಣ ಹೋಗಲು ಬಾಳೆದಿಂಡು ಹಾಕಿ ನೀರು ನಿಲ್ಲಿಸಿ ಚೆಲ್ಲಬೇಕು, ಒಂದು ಸಲ ಅಲ್ಲ, ಮೂರು ಸಲ. ಕಾಗದದಲ್ಲಿ ಬರೆದು ಕೊಟ್ಟೆ. ಎಲ್ಲ ಆಗಿದೆ ಎಂದ. ಮದುವೆಗೆ ಮೊದಲು ಮದುಮಗಳು ಆ ಮನೆಗೆ ಹೋಗಬಾರದೆಂದು ಇನ್ನೊಂದು ನಿಯಮ, ಹಾಗಾಗಿ ನಾನು ನೋಡಿರಲಿಲ್ಲ. ಮದುವೆಯ ಮರುದಿನ ಪೊರ್ಬುವನ್ನು ಸಾಗಿಸುವುದೆಂದು ಮಾತು. ಎರಡೂ ಮನೆಯವರಿಗೂ ನಾನು ಸ್ಪಷ್ಟವಾಗಿ ಹೇಳಿದ್ದೆ: ಮೀನು ಹೋಗುವ ಮನೆಗೆ ನಾನು ಹೋಗುವುದು.

“ಮೀನಿನ ಜೊತೆ ಹೋಗುವವಳಿಗೆ ಗಂಡ ಯಾಕೆ?” ಎಂದಿದ್ದರು ಮಮ್ಮಿ.

“ನೀರು ಬದಲಿಸಲು ಜನ ಬೇಕಲ್ಲ.”

ರೋಸ್ ನಮ್ಮಲ್ಲಿ ನಾಲ್ಕು ಗಂಟೆಗೆ, ಕದ್ರಿಯಲ್ಲಿ ಐದೂವರೆಗೆ. ಐದೂಕಾಲಿಗೆ ನನ್ನದು ಮುಗಿಯಿತು. ಕೂದಲಿನಿಂದ ಹಾಲು ಇಳಿಯುತ್ತಿತ್ತು, ಮೈಯೆಲ್ಲ ಎಣ್ಣೆ, ಕಣ್ಣಲ್ಲಿ ಎಣ್ಣೆ. ಹಾಡಿನ ಕೊನೆಯ ಸಾಲು ಇನ್ನೂ ಎಳೆಯುತ್ತಿದ್ದರು. ಸ್ನಾನದ ನೀರು ಕಾಯುವ ತನಕ ಕುರ್ಚಿಗೆ ಟವೆಲ್ ಹಾಸಿ ಕೂತೆ. ಎದುರಿಗೆ ಟ್ಯಾಂಕ್. ನೀರು ಯಾಕೋ ಮಂಜು ಬಿದ್ದ ಹಾಗೆ ಕಂಡಿತು. ಕಣ್ಣಿನ ಎಣ್ಣೆ ಎಂದುಕೊಂಡೆ. ಒರೆಸಿದೆ. ಮಂಜು ಹೋಗಲಿಲ್ಲ.

ಪೊರ್ಬು ಮೇಲೆ ಇತ್ತು. ತಳ ಬಿಟ್ಟು ಏಳದ ಮೀನು, ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿತ್ತು.

“ಟ್ಯಾಂಕಿಗೆ ಯಾರು ಎಂತ ಹಾಕಿದ್ದು?”

ಹಾಡು ನಿಂತಿತು. ಎಲೇನ್ ಮಾವ್ಶಿ ಖಾಲಿ ಬಕೆಟ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕಾನ್ವೆಂಟ್ ಸ್ಕೂಲಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಟ್ಟವರು. ಮುಖದಲ್ಲಿ ಒಳ್ಳೆಯದು ಮಾಡಿದ ಕಳೆ.

“ಮಿಕ್ಕಿದ ರೋಸ್, ಪುತಾ. ಕಾಲಡಿಗೆ ಹಾಕುವ ಹಾಗಿಲ್ಲ, ತೆಂಗಿನ ಬುಡಕ್ಕೆ ಹಾಕಬೇಕು. ಇಲ್ಲಿ ಇದ್ದ ತೆಂಗನ್ನೆಲ್ಲ ಕಡಿದು ಪಾರ್ಕಿಂಗ್ ಮಾಡಿದ್ದಾರೆ. ಎಲ್ಲ ಕಡೆ ಇಂಟರ್‌ಲಾಕ್. ಚರಂಡಿಗೆ ಹಾಕಲು ಮನಸ್ಸು ಬರಲಿಲ್ಲ. ಇದರಲ್ಲಾದರೆ ಯಾರೂ ತುಳಿಯುವುದಿಲ್ಲ ಅಲ್ವಾ?” ಸ್ವಲ್ಪ ಯೋಚಿಸಿ ಸೇರಿಸಿದರು, “ಅದೂ ಗಂಡನ ಮನೆಗೆ ಹೋಗುವುದಲ್ವಾ. ಅದಕ್ಕೂ ಒಂದು ಆಶೀರ್ವಾದ ಇರಲಿ ಅಂತ.”

ಹಾಲೂ ಎಣ್ಣೆಯೂ ಸೇರಿದರೆ ನೀರಿಗೆ ಏನಾಗುತ್ತದೆ ಎಂದು ನಾನು ಅವರಿಗೆ ವಿವರಿಸಲಿಲ್ಲ. ಮೇಲೆ ಎಣ್ಣೆಯ ಪೊರೆ ಕಟ್ಟುತ್ತದೆ, ಗಾಳಿ ಇಳಿಯುವುದಿಲ್ಲ. ಹಾಲು ಹುಳಿಯಾಗುತ್ತ, ನೀರಲ್ಲಿದ್ದ ಗಾಳಿಯನ್ನೂ ತಿನ್ನುತ್ತದೆ. ಫಿಲ್ಟರಿನ ಸ್ಪಂಜು ಆಗಲೇ ಜಿಡ್ಡು ಹಿಡಿದು ನೀರು ಎಳೆಯುತ್ತಿರಲಿಲ್ಲ. ಒಂದು ಗಂಟೆ. ಹೆಚ್ಚೆಂದರೆ ಒಂದೂವರೆ.

“ನನ್ನ ಎರಡು ಡ್ರಮ್ ನೀರು ಎಲ್ಲಿ?” ಕ್ಲೋರಿನ್ ಹೋಗಲೆಂದು ವಾರದಿಂದ ಹಿಡಿದಿಟ್ಟ ನೀರು ಅದು, ಬಾಲ್ಕನಿಯಲ್ಲಿ.

ಮಮ್ಮಿ ಬೇರೆ ಕಡೆ ನೋಡಿದರು. “ಅಡುಗೆಯವರಿಗೆ ಪಾತ್ರೆ ತೊಳೆಯಲು ನೀರಿರಲಿಲ್ಲ. ಇವತ್ತು ಕಾರ್ಪೊರೇಶನ್ ನೀರು ಬಂದದ್ದೇ ಹನ್ನೊಂದಕ್ಕೆ.”

ಆ ನಲ್ಲಿ ನೀರಿನಲ್ಲಿ ಕ್ಲೋರಿನ್ ಮೂಗಿಗೆ ಹೊಡೆಯುತ್ತಿತ್ತು. ಹಾಕಿದರೆ ಹತ್ತೇ ನಿಮಿಷ.

“ಕದ್ರಿಗೆ ತೆಗೆದುಕೊಂಡು ಹೋಗ್ತೇನೆ” ಎಂದೆ.

“ಯಾರು?”

“ನಾನು.”

ನಲವತ್ತೊಂದು ಜನ ಒಟ್ಟಿಗೆ ಮಾತಾಡಿದರು. ಒಬ್ಬರು ಹೊಸಿಲು ಎಂದರು, ಒಬ್ಬರು ದೃಷ್ಟಿ ಎಂದರು, ಮಮ್ಮಿಯ ಕಸಿನ್ ಒಬ್ಬಳು ರೋಸ್ ಆದ ಮೇಲೆ ಹೊರಗೆ ಹೋಗಿ ಲಾರಿ ತಾಗಿದ ಉಡುಪಿಯ ಹುಡುಗಿಯ ಕಥೆ ಶುರು ಮಾಡಿದಳು. ಮಮ್ಮಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು, “ಜಾನೆಟ್, ದೇವರು ಒಂದು ದಾರಿ ತೋರಿಸಿದ್ದಾರೆ. ನಾನು ಬೇಕೆಂದು ಮಾಡಿಸಿದ್ದಲ್ಲ, ಆಣೆ. ಹೋಗುವುದಾದರೆ ಹೋಗಲಿ ಬಿಡು. ನೀನು ಹೊಸ ಜೀವನ ಶುರು ಮಾಡುವವಳು.”

“ಅದು ಸತ್ತರೆ ನಾಳೆ ಇಗರ್ಜಿಯಲ್ಲಿ ಪಾದ್ರಿ ಕೇಳುವಾಗ ನಾನು ಇಲ್ಲ ಅಂತೇನೆ.”

“ಒಂದು ಮೀನಿಗೆ?”

“ಐದು ವರ್ಷ ಇದನ್ನೇ ಕೇಳ್ತಿದ್ದೀರಿ ಮಮ್ಮಿ. ಒಂದು ಮೀನಿಗೇ.”

ಹಾಲ್‌ನ ಮೂಲೆಯಲ್ಲಿ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಉಡುಗೊರೆಯ ಕವರ್ ಹಿಡಿದು ಕೂತಿದ್ದ ಚೆನ್ನಪ್ಪಣ್ಣ ಎದ್ದರು. ಕವರನ್ನು ಜೋಪಾನವಾಗಿ ಜೇಬಿಗೆ ಹಾಕಿ ತೋಳು ಮಡಚಿದರು.

“ಬಾಯಮ್ಮ, ನನ್ನ ರಿಕ್ಷಾದಲ್ಲಿ ನೀಲಿ ತೊಟ್ಟಿ ಉಂಟು. ತೊಳೆದೇ ತಂದದ್ದು. ಐಸ್ ಇಲ್ಲ. ನೀರು ಎಲ್ಲಿಂದ?”

ಅತಿಥಿಗಳಿಗೆಂದು ತರಿಸಿದ ಕುಡಿಯುವ ನೀರಿನ ಕ್ಯಾನುಗಳು ಗೋಡೆಗೆ ಸಾಲಾಗಿ ಇದ್ದವು. ಆರು ತುಂಬಿದವು. ಆ ನೀರು ನನಗೆ ಗೊತ್ತು, ಡಯಾಲಿಸಿಸ್‌ಗೆಂದು ಶುದ್ಧ ಮಾಡುವ ನಮ್ಮ ವಾರ್ಡಿನ ನೀರಿನ ತಮ್ಮ. ಕ್ಲೋರಿನ್ ಇಲ್ಲ, ಆದರೆ ಉಪ್ಪೂ ಇಲ್ಲ. “ಎಲ್ಲ ತೊಟ್ಟಿಗೆ ಹಾಕಿ. ಎರಡು ಹಿಡಿ ಕಲ್ಲುಪ್ಪು ಹಾಕಿ ಕದಡಿ.” ಬ್ಯಾಟರಿಯ ಏರ್ ಪಂಪ್ ಕಪಾಟಿನಲ್ಲಿತ್ತು. ಅದಕ್ಕೆ ಕೈ ಹಾಕಲು ಹೋಗಿ ನಿಂತೆ.

ನನ್ನ ಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ನಾನು ಏನು ಮುಟ್ಟಿದರೂ ಅದಕ್ಕೆ ವಿಷ. ಸೋಪು ಹಾಕಿ ತೊಳೆದರೆ ಇನ್ನೂ ದೊಡ್ಡ ವಿಷ. ಐದು ವರ್ಷ ನನ್ನ ಕೈ ಮಾತ್ರ ಇಳಿದ ನೀರಿಗೆ ಅವತ್ತು ನನ್ನ ಕೈ ಇಳಿಯುವ ಹಾಗಿರಲಿಲ್ಲ.

“ಮಾವ್ಶಿ, ಸೆರಗು ಸಿಕ್ಕಿಸಿ.”

“ನಾನಾ?”

“ಹಾಕಿದ್ದು ಯಾರು? ಎತ್ತುವುದೂ ಅವರೇ. ಹಳೆಯ ಬೆಡ್‌ಶೀಟ್ ಒಂದು ಒದ್ದೆ ಮಾಡಿ. ಬಲೆ ಹಾಕಬಾರದು, ಮುಳ್ಳು ಸಿಕ್ಕಿಕೊಳ್ತದೆ. ಚೆನ್ನಪ್ಪಣ್ಣ ತಲೆಯ ಕಡೆ, ನೀವು ಬಾಲದ ಕಡೆ. ಬದಿಯ ರೆಕ್ಕೆಯ ಹತ್ತಿರ ಕೈ ಇಡಬೇಡಿ.”

“ಗೊತ್ತುಂಟು ಬಾಯಮ್ಮ” ಎಂದರು ಚೆನ್ನಪ್ಪಣ್ಣ. “ಕಡಲಿನ ತೇಡೆ ಮೀನಿಗೂ ಅದೇ ಮೀಸೆ, ಅದೇ ಮುಳ್ಳು. ಇವರ ಸಂಬಂಧಿಕರೇ.”

ಎಲೇನ್ ಮಾವ್ಶಿ ಶಿಲುಬೆಯ ಗುರುತು ಮಾಡಿ, ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸ್ಟೂಲ್ ಹತ್ತಿದರು. ಅದೇ ಸ್ಟೂಲ್, ನಾನು ರೋಸಿಗೆ ಕೂತದ್ದು. ಬೆಡ್‌ಶೀಟಿನ ಒಂದು ತುದಿ ನೀರಿಗೆ ಬಿಟ್ಟರು. ಪೊರ್ಬು ದಣಿದಿತ್ತು, ಆರೋಗ್ಯವಾಗಿದ್ದರೆ ಇಬ್ಬರನ್ನೂ ಒಳಗೆ ಎಳೆಯುತ್ತಿತ್ತು. ಎತ್ತುವಾಗ ಒಂದು ಸಲ ಬಾಲ ಬೀಸಿತು. ಮಾವ್ಶಿಯ ಕನ್ನಡಕ ಹಾರಿ ಕೇಕಿನ ಮೇಲೆ ಬಿತ್ತು.

“ಸಾಯ್ಬಾ ಭೊಗೊಸ್!” ಎಂದು ಮಾವ್ಶಿ ದೇವರಲ್ಲಿ ಕ್ಷಮೆ ಕೇಳಿದರು. ಬಿಡಲಿಲ್ಲ.

ಬಾಗಿಲಲ್ಲಿ ಮಮ್ಮಿ ಎರಡು ಕೈ ಚಾಚಿ ನಿಂತಿದ್ದರು. ಮೀನನ್ನು ಬಿಟ್ಟರು. ಅದರ ಹಿಂದೆ ಬಂದ ನನ್ನನ್ನು ಬಿಡಲಿಲ್ಲ.

“ಮೀನು ಹೋಗಲಿ. ಎಲೇನ್ ಹೋಗಲಿ. ನೀನು ಇಲ್ಲೇ ಇರು.”

“ಅವರಿಗೆ ಏನೂ ಗೊತ್ತಿಲ್ಲ ಮಮ್ಮಿ.”

“ಜಾನೆಟ್.” ಡ್ಯಾಡಿ ಹಿಂದಿನಿಂದ ಬಂದರು. ಕೈಯಲ್ಲಿ ಬಾಲ್ಕನಿಯ ಗ್ರಿಲ್ಲಿನ ಕೀ. “ಬಾಲ್ಕನಿಗೆ ಹೊಸಿಲು ಇಲ್ಲ. ಅಲ್ಲಿಂದ ಇಳಿ. ಯಾರ ಮಾತೂ ಮೀರಿದ ಹಾಗೆ ಆಗುವುದಿಲ್ಲ.”

ಡ್ಯಾಡಿಯ ಜೀವನವೆಲ್ಲ ಹೀಗೇ, ಗ್ರಿಲ್ಲಿನ ಕೀ ಇಟ್ಟುಕೊಂಡು. ನನಗೆ ಅವರ ಮೇಲೆ ಪ್ರೀತಿ ಬಂತು, ಸಿಟ್ಟೂ ಬಂತು.

“ಬೇಡ ಡ್ಯಾಡಿ. ಮೀರಿಯೇ ಹೋಗ್ತೇನೆ.”

ನಾನೂ ಎರಡು ಕೈ ಚಾಚಿ ಮಮ್ಮಿಯನ್ನು ತಬ್ಬಿಕೊಳ್ಳಲು ಹೋದೆ. ಮಮ್ಮಿ ಉಟ್ಟದ್ದು ಹೊಸ ಕಾಂಜೀವರಂ, ನನ್ನ ಮೈಯಲ್ಲಿ ನಲವತ್ತೊಂದು ಜನರ ಎಣ್ಣೆ. ಅವರು ಯೋಚಿಸುವ ಮೊದಲೇ ಕಾಲು ಹಿಂದಕ್ಕೆ ಸರಿಯಿತು. ನಾನು ಹೊಸಿಲು ದಾಟಿದೆ.

ರಿಕ್ಷಾದ ಮುಂದಿನ ಸೀಟಿನಲ್ಲಿ ಚೆನ್ನಪ್ಪಣ್ಣ, ಪಕ್ಕದಲ್ಲಿ ಒತ್ತಿಕೊಂಡು ಡ್ಯಾಡಿ. ಯಾಕೆ ಹತ್ತಿದರೆಂದು ಅವರಿಗೂ ತಿಳಿದಿರಲಿಲ್ಲ, ಕೀ ಇನ್ನೂ ಕೈಯಲ್ಲಿತ್ತು. ಹಿಂದೆ ತೊಟ್ಟಿಯ ಒಂದು ಬದಿಗೆ ಏರ್ ಪಂಪ್ ಹಿಡಿದ ಮಾವ್ಶಿ, ಇನ್ನೊಂದು ಬದಿಗೆ ನಾನು, ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು. ಭಾನುವಾರದ ಸಂಜೆ. ಬಂಟ್ಸ್ ಹಾಸ್ಟೆಲ್ ಸರ್ಕಲ್‌ನಲ್ಲಿ ಬ್ಲಾಕ್. ಪಕ್ಕದ ಸಿಟಿ ಬಸ್ಸಿನ ಇಡೀ ಒಂದು ಬದಿ ನಮ್ಮನ್ನು ನೋಡಿತು. ಕಂಡಕ್ಟರ್ ಫುಟ್‌ಬೋರ್ಡಿನಿಂದ ಬಾಗಿದ.

“ಎಂತ ಅಕ್ಕ, ಶೂಟಿಂಗಾ?”

“ರೋಸ್!” ಎಂದೆ.

“ಯಾರಿಗೆ, ಮೀನಿಗಾ?”

“ಇಬ್ಬರಿಗೂ!” ಎಂದು ಮಾವ್ಶಿ ಕೂಗಿದರು. “ದಾರಿ ಬಿಡು ಮಾರಾಯ, ಉಸಿರು ಹೋಗ್ತಾ ಉಂಟು!”

ಕಂಡಕ್ಟರ್ ಶಿಳ್ಳೆ ಹೊಡೆದು ಬಸ್ಸನ್ನು ಅರ್ಧ ಅಡಿ ಸರಿಸಿದ. ಆ ಅರ್ಧ ಅಡಿಯಲ್ಲಿ ಚೆನ್ನಪ್ಪಣ್ಣ ತೂರಿದರು. ಮಲ್ಲಿಕಟ್ಟೆ ದಾಟುವಾಗ ಪೊರ್ಬು ಒಂದು ಬದಿಗೆ ವಾಲಿತು. ನಾನು ಕಿವಿರು ಎಣಿಸುತ್ತಿದ್ದೆ. ನಿಮಿಷಕ್ಕೆ ಎಷ್ಟು ಸಲ ತೆರೆಯುತ್ತದೆಂದು. ರೋಗಿಯ ಉಸಿರು ಎಣಿಸುವ ಹಾಗೆ. ಲೆಕ್ಕ ಇಳಿಯುತ್ತಿತ್ತು.

ಸೆಡ್ರಿಕ್‌ನ ಮನೆಯ ಅಂಗಳದಲ್ಲಿ ಚಪ್ಪರ, ಬಣ್ಣದ ಲೈಟು. ಅವನ ರೋಸ್ ಅರ್ಧ ಆಗಿತ್ತು. ಚಪ್ಪರದ ನಡುವೆ ಸ್ಟೂಲಿನ ಮೇಲೆ ಅಂಗಿ ಇಲ್ಲದೆ ಕೂತು, ಕಣ್ಣು ಮುಚ್ಚಿ, ಗಡ್ಡದಿಂದ ಹಾಲು ಇಳಿಸಿಕೊಳ್ಳುತ್ತಿದ್ದ. ಮುಂದೆ ಸಾಲು ನಿಂತಿತ್ತು. ನಾನು ಮುಂಬಾಗಿಲಿನ ಕಡೆ ಹೋಗಲಿಲ್ಲ. ಮನೆಯ ಬದಿಯಿಂದ ಸುತ್ತಿ ಹಿತ್ತಿಲಿಗೆ ಓಡಿದೆ. ಬಾವಿ ಇತ್ತು. ಟ್ಯಾಂಕ್ ಇತ್ತು, ಹೇಳಿದ ಅಳತೆಗೆ. ಗೋಡೆಯ ಬುಡದಲ್ಲಿ ಕೊಳೆತ ಬಾಳೆದಿಂಡಿನ ರಾಶಿ. ಮೂರು ಸಲದ್ದು, ಬಣ್ಣದಿಂದಲೇ ಗೊತ್ತಾಗುತ್ತಿತ್ತು, ಒಂದು ಪದರ ಕಪ್ಪು, ಒಂದು ಕಂದು, ಒಂದು ಇನ್ನೂ ಹಸಿರು. ಮೂರು ಸಲ ಮಾಡಿದ್ದ.

ಟ್ಯಾಂಕಿನೊಳಗೆ ನೋಡಿದೆ. ಐಸ್. ದೊಡ್ಡ ದೊಡ್ಡ ಗಡ್ಡೆಗಳು. ಅದರ ನಡುವೆ ಕುತ್ತಿಗೆ ಎತ್ತಿ ಬಿಯರ್ ಬಾಟಲಿಗಳು, ಇಪ್ಪತ್ತು ಕೇಸು.

ಟ್ಯಾಂಕಿನ ಪಕ್ಕ ಓಪನರ್ ಹಿಡಿದು ನಿಂತಿದ್ದವನು ಸೆಡ್ರಿಕ್‌ನ ತಮ್ಮ ಆಲ್ವಿನ್. ನನ್ನನ್ನು ನೋಡಿ ಅವನ ಬಾಯಿ ಪೊರ್ಬುವಿನ ಬಾಯಿಯ ಹಾಗೆ ತೆರೆಯಿತು.

“ಅತ್ತಿಗೆ? ನೀವು ಇಲ್ಲಿಗೆ, ಹೀಗೆ...”

“ಇದನ್ನು ಯಾರು ತುಂಬಿಸಿದ್ದು?”

“ಫ್ರಿಜ್‌ನಲ್ಲಿ ಜಾಗ ಇರಲಿಲ್ಲ. ಮೀನು ನಾಡಿದ್ದು ಬರುವುದಲ್ವಾ? ಸೆಡ್ರಿಕ್‌ಗೆ ಗೊತ್ತಿಲ್ಲ, ದಮ್ಮಯ್ಯ ಹೇಳಬೇಡಿ.”

“ವಾಲ್ವ್ ತೆರೆ.”

“ಅದರ ಹಿಡಿ ಇಲ್ಲ. ಪಕ್ಕದ ಮನೆಯ ಮಕ್ಕಳು ತೆರೆದು ಆಟ ಆಡ್ತಾರೆಂದು ಅವನೇ ಬಿಚ್ಚಿ ಎಲ್ಲೋ ಇಟ್ಟಿದ್ದಾನೆ. ಎಲ್ಲಿ ಎಂದು ಅವನಿಗೇ ಗೊತ್ತು. ರೋಸ್ ಮುಗಿಯಲಿ, ಇನ್ನು ಅರ್ಧ ಗಂಟೆ...”

ನಾನು ಚಪ್ಪರದ ಹಿಂದಿನಿಂದ ಒಳಗೆ ನಡೆದೆ. ಹಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ನಿಂತರು, ರೇಡಿಯೋದ ಬ್ಯಾಟರಿ ಮುಗಿದ ಹಾಗೆ. ನನ್ನ ಕೂದಲು ಗಟ್ಟಿ ಕಟ್ಟಿತ್ತು, ಬಟ್ಟೆ ಮೈಗಂಟಿತ್ತು, ಹಾಲು ಹುಳಿವಾಸನೆ ಬರಲು ಶುರುವಾಗಿತ್ತು. ಮದುವೆಯ ಹಿಂದಿನ ದಿನ ಗಂಡಿನ ಚಪ್ಪರಕ್ಕೆ ನುಗ್ಗಿದ ಮದುಮಗಳನ್ನು ಆ ಊರು ನೋಡಿರಲಿಲ್ಲ. ಸೆಡ್ರಿಕ್‌ನ ತಾಯಿ ಕೈಯಲ್ಲಿದ್ದ ಹಾಲಿನ ಲೋಟವನ್ನು ಕೆಳಗಿಟ್ಟರು.

“ಸೆಡ್ರಿಕ್.”

ಅವನು ಕಣ್ಣು ತೆರೆದ. ಎಣ್ಣೆಯಿಂದ ಸರಿಯಾಗಿ ಕಾಣಲಿಲ್ಲವೋ ಏನೋ, ತಲೆ ಒಂದು ಬದಿಗೆ ಮಾಡಿದ.

“ಪೊರ್ಬು ಹೊರಗೆ ರಿಕ್ಷಾದಲ್ಲಿ ಉಂಟು. ಟ್ಯಾಂಕಿಗೆ ರೋಸ್ ಬಿತ್ತು. ಇಲ್ಲಿಯ ಟ್ಯಾಂಕಿನಲ್ಲಿ ಬಿಯರ್ ಉಂಟು. ವಾಲ್ವಿನ ಹಿಡಿ ಎಲ್ಲಿ?”

ಅವನು ಏಳಲು ಹೊರಟ. ಕಾರ್ಯ ನಡೆಸುತ್ತಿದ್ದ ಯೆಜ್ಮಾನ್, ಕೋಟು ಹಾಕಿದ ಹಿರಿಯರು, ಅವನ ಭುಜ ಒತ್ತಿದರು. “ಕೂತುಕೋ. ಇನ್ನು ಹದಿನೇಳು ಜನ ಬಾಕಿ ಇದ್ದಾರೆ. ನಡುವಿನಲ್ಲಿ ಎದ್ದರೆ ರೋಸ್ ಮುರಿದ ಹಾಗೆ. ಎಲ್ಲಿ ಉಂಟೆಂದು ಬಾಯಲ್ಲಿ ಹೇಳಿದರೆ ಸಾಕಲ್ಲ.”

ಅದು ಸರಿಯೇ. ಬಾಯಲ್ಲಿ ಹೇಳಿದರೆ ಸಾಕಿತ್ತು. ಹಿಡಿ ಎಲ್ಲಿ ಎಂಬ ಪ್ರಶ್ನೆ ಕೇಳಿಯಾಗಿತ್ತು. ಎದ್ದು ಬರ್ತೀಯಾ ಎಂಬ ಇನ್ನೊಂದನ್ನು ಕೇಳದೆ ನಿಂತಿದ್ದೆ. ಬಾಯಲ್ಲಿ ಹೇಳುವ ಗಂಡಸರನ್ನು ನಾನು ಮೂವರನ್ನು ಕಳುಹಿಸಿದ್ದೆ.

ಸೆಡ್ರಿಕ್ ಯೆಜ್ಮಾನರ ಕೈಯನ್ನು ಭುಜದಿಂದ ತೆಗೆದ. ಮೆತ್ತಗೆ, ಎರಡೂ ಕೈಯಲ್ಲಿ, ಒಂದು ಪಾತ್ರೆ ಇಳಿಸುವ ಹಾಗೆ. ಎದ್ದ. ಹಾಲು ಬಿದ್ದ ನೆಲದಲ್ಲಿ ಕಾಲು ಜಾರಿ ಎರಡು ಹೆಜ್ಜೆ ಬಾತುಕೋಳಿಯ ಹಾಗೆ ನಡೆದ. ಯಾರೋ ನಕ್ಕರು. ಅವನು ನಿಲ್ಲಲಿಲ್ಲ.

“ಒಳಗೆ, ದೇವರ ಅಲ್ತಾರಿನ ಹಿಂದೆ” ಎಂದ ನನಗೆ. “ಅಲ್ಲಿಗೆ ಆಲ್ವಿನ್ ಕೈ ಹಾಕುವುದಿಲ್ಲವಲ್ಲ. ಬಾ.”

ಆಮೇಲಿನ ಅರ್ಧ ಗಂಟೆ ನಮ್ಮ ಮದುವೆಯ ನಿಜವಾದ ಕಾರ್ಯ. ಬಾಟಲಿ ಎತ್ತಲು ಗಂಡಸರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಷ್ಟು ಭಕ್ತಿಯಿಂದ ಅವರು ಯಾವ ಮೆರವಣಿಗೆಯಲ್ಲೂ ಸಾಲು ನಿಂತಿರಲಿಕ್ಕಿಲ್ಲ. ಡ್ಯಾಡಿ ಪ್ಯಾಂಟ್ ಮಡಚಿ ಟ್ಯಾಂಕಿಗೆ ಇಳಿದು ಐಸ್ ಗಡ್ಡೆಗಳನ್ನು ಹೊರಗೆ ಎಸೆದರು. ವಾಲ್ವ್ ತೆರೆದು ತಣ್ಣೀರು 'ಭೊರ್' ಎಂದು ಬಾಳೆಯ ಬುಡಕ್ಕೆ ಹೋಯಿತು. ಬಾವಿಯ ಪಂಪ್ ಶುರುವಾಯಿತು. ಸೆಡ್ರಿಕ್ ಟ್ಯಾಂಕಿನ ಆಚೆ, ನಾನು ಈಚೆ, ಇಬ್ಬರೂ ಎಣ್ಣೆಯ ಕೈಗಳನ್ನು ಎತ್ತಿ ಹಿಡಿದು, ಪೂಜೆ ಹೇಳುವ ಪಾದ್ರಿಗಳ ಹಾಗೆ ನಿಂತು ಕೂಗುತ್ತಿದ್ದೆವು. ನೀರು ಮೇಲಿಂದ ಬೀಳಲಿ, ಗಾಳಿ ಸೇರಲಿ. ಪೈಪ್ ಎತ್ತಿ. ಇನ್ನೂ ಎತ್ತಿ. ಮುಟ್ಟುವ ಹಾಗಿಲ್ಲ ಇಬ್ಬರಿಗೂ. ಒಂದಡಿ ನೀರು ಸಾಕು. ಆದರೆ ತಣ್ಣಗಿರಬಾರದು, ಇದ್ದ ಐಸಿನ ಚಳಿ ಸಿಮೆಂಟಿಗೆ ಹಿಡಿದಿರಬಹುದು.

“ಥರ್ಮಾಮೀಟರ್?” ಎಂದ ಸೆಡ್ರಿಕ್.

“ಮನೆಯಲ್ಲೇ ಬಿಟ್ಟು ಬಂದೆ.”

ಸೆಡ್ರಿಕ್‌ನ ತಾಯಿ ಅಲ್ಲಿಯ ತನಕ ಹಿತ್ತಿಲ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ರೋಸ್ ಮುರಿದವಳು ನಾನು. ಅವರ ಮುಖ ನೋಡುವ ಧೈರ್ಯ ನನಗಿತ್ತು, ಆದರೆ ಸಮಯ ಇರಲಿಲ್ಲ. ಅವರು ಇಳಿದು ಬಂದರು. ತೋಳಿನ ಬಳೆ ಮೇಲೆ ಸರಿಸಿದರು. ಬಾಗಿ ಮೊಣಕೈಯನ್ನು ನೀರಿಗೆ ಅದ್ದಿದರು.

“ನನ್ನ ಇಬ್ಬರು ಮಕ್ಕಳನ್ನೂ ಹೀಗೇ ನೋಡಿ ಮೀಯಿಸಿದ್ದು ನಾನು” ಎಂದರು, ಯಾರನ್ನೂ ನೋಡದೆ. ಸ್ವಲ್ಪ ಹೊತ್ತು ಮೊಣಕೈ ಅಲ್ಲೇ ಇತ್ತು. “ತಣ್ಣಗುಂಟು. ಮಗುವಿಗೆ ಆಗುವುದಿಲ್ಲ. ಆಲ್ವಿನ್! ಮದುಮಗನ ಸ್ನಾನಕ್ಕೆ ಇಟ್ಟ ಬಿಸಿನೀರಿನ ಹಂಡೆ ತಾ.”

ಸೆಡ್ರಿಕ್ ಬಾಯಿ ತೆರೆದ.

“ನೀನು ಹಾಗೇ ನಾರು” ಎಂದರು ತಾಯಿ. “ಎದ್ದು ಬಂದದ್ದು ನೀನಲ್ವಾ.”

ಬಿಸಿನೀರು ಬಿತ್ತು. ಮೊಣಕೈ ಮತ್ತೆ ಇಳಿಯಿತು. “ಈಗ ಹಾಕಿ.”

ಚೆನ್ನಪ್ಪಣ್ಣನೂ ಮಾವ್ಶಿಯೂ ಬೆಡ್‌ಶೀಟ್ ಹೊತ್ತು ತಂದರು. ಮಾವ್ಶಿಗೆ ಕನ್ನಡಕವಿಲ್ಲ, ಚೆನ್ನಪ್ಪಣ್ಣ “ಎಡಕ್ಕೆ ಬಾಯಮ್ಮ, ಮೆಟ್ಟಿಲು ಉಂಟು ಬಾಯಮ್ಮ” ಎಂದು ನಡೆಸಿಕೊಂಡು ಬಂದರು. ಪೊರ್ಬು ನೀರಿಗೆ ಜಾರಿತು. ಬದಿಗೆ ಮಲಗಿತು. ಬಿಳಿ ಪಟ್ಟಿ ಮೇಲೆ, ಕಿತ್ತಳೆ ಬಾಲ ಸುಮ್ಮನೆ. ಕಿವಿರು ಒಮ್ಮೆ ತೆರೆಯಿತು. ನಾನು ಕಾದೆ. ತೆರೆಯಲಿಲ್ಲ.

“ಅದರ ಬಾಯಿಯ ಮುಂದೆ ಪೈಪ್ ಹಿಡಿಯಿರಿ. ಮೆಲ್ಲಗೆ. ಮಾವ್ಶಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು ನೆಟ್ಟಗೆ ನಿಲ್ಲಿಸಿ. ನೀರಿಗೆ ಎದುರಾಗಿ. ನದಿಯ ಮೀನು ಅದು, ಎದುರಿಗೆ ನೀರು ಬೇಕು ಅದಕ್ಕೆ.”

ಎಲೇನ್ ಮಾವ್ಶಿ ಮೊಣಕಾಲುದ್ದ ನೀರಲ್ಲಿ ಬಾಗಿ, ಎಂಟು ಕಿಲೋವನ್ನು ಎರಡು ಅಂಗೈಯಲ್ಲಿ ಹಿಡಿದು, ಪೈಪಿನ ನೀರಿಗೆ ಎದುರಾಗಿ ನಿಲ್ಲಿಸಿದರು. ತುಟಿ ಅಲುಗುತ್ತಿತ್ತು. ಐವತ್ತು ಅರವತ್ತು ಜನ ಟ್ಯಾಂಕಿನ ಸುತ್ತ. ಪಂಪಿನ ಶಬ್ದ ಮಾತ್ರ.

ಮಾವ್ಶಿ ಚೀರಿದರು. ಪೊರ್ಬು ಬಾಲ ಬೀಸಿ ಅವರ ಕೈಯಿಂದ ಕಿತ್ತುಕೊಂಡು, ಎರಡು ಸಲ ಗೋಡೆಗೆ ತಾಗಿ, ಪೈಪಿನ ಕೆಳಗೆ ಹೋಗಿ ಹೊಟ್ಟೆ ಊರಿ ಕೂತಿತು. ಮೀಸೆ ಮುಂದೆ ಚಾಚಿತು. ಕಿವಿರು ತೆರೆಯಿತು, ಮುಚ್ಚಿತು, ತೆರೆಯಿತು. ನಮ್ಮನ್ನೆಲ್ಲ ಬಾಡಿಗೆ ಬಾಕಿ ಇಟ್ಟವರ ಹಾಗೆ ನೋಡಿತು.

ಯಾರೋ ಚಪ್ಪಾಳೆ ತಟ್ಟಿದರು. ಒಂದು ಬಾಟಲಿಯ ಮುಚ್ಚಳ ಹಾರಿತು. ಹೆಂಗಸೊಬ್ಬಳು ನಿಲ್ಲಿಸಿದ್ದ ವೊವಿಯೊವನ್ನು ನಿಲ್ಲಿಸಿದ ಪದದಿಂದಲೇ ಎತ್ತಿಕೊಂಡಳು.

“ಇನ್ನು ಹತ್ತು ದಿನ ಅದು ಊಟ ಮಾಡುವುದಿಲ್ಲ” ಎಂದೆ ಸೆಡ್ರಿಕ್‌ನ ತಾಯಿಗೆ. “ಜಾಗ ಬದಲಾದ ಸಿಟ್ಟು. ಪಾಪ ಎಂದು ಬೂತಾಯಿ ಹಾಕಬೇಡಿ.”

“ಮನೆ ಬದಲಾದ ಸಿಟ್ಟಿಗೆ ನಾನು ಒಂದು ತಿಂಗಳು ಸರಿಯಾಗಿ ಉಂಡಿರಲಿಲ್ಲ” ಎಂದರು ಅವರು. ಮೊಣಕೈಯನ್ನು ಸೆರಗಲ್ಲಿ ಒರೆಸಿಕೊಂಡರು. “ಯಾರೂ ಕೇಳಿರಲಿಲ್ಲ. ಹೋಗು ಈಗ. ನಾಳೆ ಎದುರಿನ ಬಾಗಿಲಿನಿಂದ ಬಾ.”

“ಹಿಂದಿನಿಂದ ಬಂದರೆ ಟ್ಯಾಂಕ್ ಹತ್ತಿರ.”

ಅವರು ನನ್ನನ್ನು ಮೊದಲ ಸಲ ನೇರವಾಗಿ ನೋಡಿದರು. ನಗಲಿಲ್ಲ. ಹಿತ್ತಿಲ ದಾರಿಗೆ ಅಡ್ಡ ಇದ್ದ ಖಾಲಿ ಹಂಡೆಯನ್ನು ಬದಿಗೆ ಸರಿಸಿದರು.

ವಾಪಸು ಹೋಗುವಾಗ ಮಾವ್ಶಿಗೆ ಮುಂದಿನ ಸೀಟು ಕೊಟ್ಟೆವು, ಸೀರೆಯಿಂದ ನೀರು ಸೋರುತ್ತಿತ್ತು. ಡ್ಯಾಡಿ ಹಿಂದೆ, ಅಂಚಿನಲ್ಲಿ, ಕೀ ಜೇಬಿಗೆ ಹಾಕಿಕೊಂಡು. ನಾನು ಖಾಲಿ ತೊಟ್ಟಿಯೊಳಗೇ ಕೂತೆ. ಕಾಲು ಚಾಚಿದರೆ ಸರಿಯಾಗಿ ಹಿಡಿಸಿತು. ಬಂಟ್ಸ್ ಹಾಸ್ಟೆಲಿನಲ್ಲಿ ಮತ್ತೆ ಬ್ಲಾಕ್. ಎದುರಿನ ಕಾರಿನ ಕಿಟಕಿಯಿಂದ ಒಬ್ಬಾತ ಮೊಬೈಲ್ ಎತ್ತಿದ. ಡ್ಯಾಡಿ ಕದ್ರಿಯಲ್ಲಿ ಕಾಲು ಒರೆಸಲು ಕೊಟ್ಟ ಟವೆಲ್ ಬಿಚ್ಚಿ ನನ್ನ ತಲೆಗೆ ಮುಚ್ಚಲು ಬಂದರು.

“ಬೇಡ ಡ್ಯಾಡಿ” ಎಂದೆ. “ತೆಗೆಯಲಿ.”

ನಾನು ತೊಟ್ಟಿಯ ಅಂಚಿಗೆ ಎರಡೂ ಕೈ ಚಾಚಿ, ಗದ್ದ ಎತ್ತಿ, ಕ್ಯಾಮರಾವನ್ನು ನೋಡಿದೆ. ಅವನೇ ಮೊದಲು ಮೊಬೈಲ್ ಇಳಿಸಿದ.